ನೆತ್ತಿಯ ಮೇಲಿನ ರೋಹಿಣಿ

ನಮ್ಮ ಧಾರವಾಡ ಸೀಮೆಯ ಒಕ್ಕಲಿಗನಷ್ಟು ಸಹಜವಾಗಿ ನಕ್ಷತ್ರಗಳ ಹೆಸರನ್ನು ನಾಲಗೆಯ ಮೇಲಿಟ್ಟುಕೊಂಡವರು ಬೇರೆಡೆ ಸಿಕ್ಕುವುದು ಕಷ್ಟ. ರೋಹಿಣಿ ಮಳೆಯಾಯಿತೇ, ಮಿರಗ ಕೂಡಿತೇ, ಆರಿದ್ರೆ ಕೈಕೊಟ್ಟಿತೇ, ಹಸ್ತ-ಚಿತ್ತೆಗಳಾದರೂ ಹಿಂಗಾರಿಗೆ ಹಸಿ ಮಾಡಿಯಾವೇ ಎಂಬ ಮಾತು ಮಳೆಗಾಲದುದ್ದಕ್ಕೂ ಅವನ ಕಟ್ಟೆಯ ಮೇಲೆ ನಡೆದಿರುವುದು. ಬಿತ್ತುವ ಹೊತ್ತು, ಹರಗುವ ಹೊತ್ತು, ಕಡಲೆ-ಜೋಳ ಹಾಕುವ ಹೊತ್ತು, ಎಲ್ಲವನ್ನೂ ಅವನು ನಕ್ಷತ್ರದ ಹೆಸರಿನಿಂದಲೇ ಗುರುತಿಸುವನು. ಆದರೆ ಅದೇ ಮನೆಯ ಮಾಳಿಗೆಯ ಮೇಲೆ ನಿಂತು, “ಇಷ್ಟು ಚಿಕ್ಕಿಗಳಲ್ಲಿ ರೋಹಿಣಿ ಯಾವುದು?” ಎಂದು ಕೇಳಿನೋಡಿರಿ. ಹಿರಿಯರು ಒಬ್ಬರ ಮುಖವನ್ನೊಬ್ಬರು ನೋಡುವರು. ಹೆಸರು ಮನೆಯಲ್ಲಿ ಉಳಿದಿದೆ, ಹೆಸರಿನ ಒಡತಿ ಮಾತ್ರ ಅಪರಿಚಿತಳಾಗಿದ್ದಾಳೆ.

ಇದಕ್ಕೊಂದು ವಿನೋದದ ಕಾರಣವೂ ಉಂಟು. ಸೂರ್ಯನು ಒಂದು ವರ್ಷದಲ್ಲಿ 27 ನಕ್ಷತ್ರಗಳನ್ನು ದಾಟಿ ಬರುವನೆಂದು ನಮ್ಮ ಪಂಚಾಂಗದ ಲೆಕ್ಕ. ಹೀಗಾಗಿ ಒಂದೊಂದು ನಕ್ಷತ್ರಕ್ಕೆ 13-14 ದಿನಗಳು ಸಲ್ಲುವುವು. ಮೇ 25ರ ಸುಮಾರಿಗೆ ಸೂರ್ಯನು ರೋಹಿಣಿಯನ್ನು ಹೊಗುವನು. ಜೂನ್ 8ರ ಸುಮಾರಿಗೆ ಮೃಗಶಿರೆಯನ್ನು, ಎಂದರೆ ನಮ್ಮ ಮಿರಗವನ್ನು. ಜೂನ್ 22ರ ಸುಮಾರಿಗೆ ಆರ್ದ್ರೆಯನ್ನು. ಸೂರ್ಯನಿರುವ ದಿಕ್ಕಿನಲ್ಲಿಯೇ ನಕ್ಷತ್ರವೂ ಇರುವಾಗ ಅದು ಹಗಲ ಬೆಳಕಿನಲ್ಲಿ ಮುಳುಗಿರಬೇಕಲ್ಲದೆ ಕಣ್ಣಿಗೆ ಬೀಳುವುದೆಂತು? ರೋಹಿಣಿಯ ಹೆಸರು ಊರೆಲ್ಲರ ಬಾಯಲ್ಲಿರುವ ದಿನಗಳಲ್ಲಿ ರೋಹಿಣಿಯು ಕಾಣುವುದೇ ಇಲ್ಲ. ಅವಳನ್ನು ಕಾಣಬಯಸುವವರು ಅರ್ಧ ವರ್ಷ ಕಾಯಬೇಕು.

ಕಾದವರಿಗೆ ಸಿಕ್ಕುವ ಫಲ ಮಾತ್ರ ದೊಡ್ಡದು. ಮಕರ ಸಂಕ್ರಾಂತಿಯ ದಿನ ಎಳ್ಳು-ಬೆಲ್ಲ ಹಂಚಿ ಊಟ ಮುಗಿಸಿ, ರಾತ್ರಿ ಒಂಬತ್ತೂವರೆಯ ಸುಮಾರಿಗೆ ಹುಬ್ಬಳ್ಳಿ-ಧಾರವಾಡದ ಯಾವ ಅಂಗಳದಲ್ಲಿಯಾದರೂ ನಿಂತು ನೇರವಾಗಿ ತಲೆಯೆತ್ತಿರಿ. ನಿಮ್ಮ ನೆತ್ತಿಯ ಮೇಲೆ, ಹೆಚ್ಚು ಕಡಿಮೆ ಒಂದು ಅಂಶದ ಅಂತರದಲ್ಲಿ, ಕೆಂಡದ ಬಣ್ಣದ ಒಂದು ಚಿಕ್ಕಿ ಉರಿಯುತ್ತಿರುವುದು. ಅವಳೇ ರೋಹಿಣಿ. ಅವಳ ಪಶ್ಚಿಮಕ್ಕೆ ಒತ್ತಾಗಿ ಸೇರಿಕೊಂಡ ಪುಟ್ಟ ಗೊಂಚಲು ಕೃತ್ತಿಕೆ. ಆಗ್ನೇಯಕ್ಕೆ ಒಂದೇ ಸಾಲಿನಲ್ಲಿ ನಿಂತ ಮೂರು ಚಿಕ್ಕಿಗಳ ಸುತ್ತಿನದು ಮೃಗಶಿರೆ-ಆರ್ದ್ರೆಗಳ ಬೀಡು. ಮುಂಗಾರಿನ ಪಂಚಾಂಗವೆಲ್ಲ ಚಳಿಗಾಲದ ರಾತ್ರಿಯಲ್ಲಿ ನಮ್ಮ ತಲೆಯ ಮೇಲೆ ಬರೆದಿಟ್ಟಂತೆ ತೋರುವುದು.

ಈ ಮಾತುಗಳನ್ನು ನಾವು ಬರೆಯುತ್ತಿರುವುದು ಹುಬ್ಬಳ್ಳಿಯ ಮಗ್ಗುಲಿನ ತಾರಿಹಾಳವನ್ನು ಕಣ್ಣ ಮುಂದಿಟ್ಟುಕೊಂಡು. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ನಮಗೆ ತಾರೆಯ ನೆನಪಾಗುವುದು. ಇದು ಬರಿಯ ಶಬ್ದವಿನೋದ. ವ್ಯುತ್ಪತ್ತಿಯೆಂದು ತಿಳಿದು ಪಂಡಿತರು ನಮ್ಮ ಮೇಲೆ ಮುನಿಯಬಾರದು. ಬಹುಜನರಿಗೆ ತಾರಿಹಾಳವೆಂದರೆ ಕೈಗಾರಿಕಾ ಪ್ರದೇಶ, ಯಂತ್ರಗಳ ಸಪ್ಪಳದ ಠಾವು. ಆದರೆ ಭೂಗೋಲದ ಲೆಕ್ಕದಲ್ಲಿ ಈ ಸೀಮೆಗೆ ಇನ್ನೊಂದು ಭಾಗ್ಯವಿದೆ. ಭೂಮಧ್ಯರೇಖೆಯಿಂದ ನಾವು ಸುಮಾರು 15 ಅಂಶ ಉತ್ತರಕ್ಕಿದ್ದೇವೆ. ಯಾವ ಊರು ಎಷ್ಟು ಅಂಶ ಉತ್ತರಕ್ಕಿರುವುದೋ ಆ ಊರಿನಲ್ಲಿ ಧ್ರುವನಕ್ಷತ್ರವು ದಿಗಂತದಿಂದ ಅಷ್ಟೇ ಅಂಶ ಎತ್ತರದಲ್ಲಿ ನಿಲ್ಲುವುದು. ಕೈಯನ್ನು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಸುಮಾರು 10 ಅಂಶ. ತಾರಿಹಾಳದ ಬಯಲಿನಲ್ಲಿ ಉತ್ತರಕ್ಕೆ ಮುಖ ಮಾಡಿ ಒಂದೂವರೆ ಮುಷ್ಟಿ ಅಳೆದರೆ ಅಲ್ಲಿ ಧ್ರುವನು ಸಿಕ್ಕುವನು.

ಇನ್ನು ಮೇ ತಿಂಗಳ ನಡುವೆ, ರಾತ್ರಿ ಒಂಬತ್ತೂವರೆಯ ಹೊತ್ತಿಗೆ, ದಕ್ಷಿಣಕ್ಕೆ ತಿರುಗಿರಿ. ಅಲ್ಲಿಯೂ ಸುಮಾರು ಒಂದೂವರೆ ಮುಷ್ಟಿಯ ಎತ್ತರದಲ್ಲಿಯೇ ನಾಲ್ಕು ಚಿಕ್ಕಿಗಳ ತ್ರಿಶಂಕು ನಿಂತಿರುವುದು. ಹಿಂದೆ ಧ್ರುವ, ಮುಂದೆ ತ್ರಿಶಂಕು, ಎರಡೂ ಸಮ ತೂಗಿದಂತೆ. ದಿಲ್ಲಿಯವರಿಗೆ ತ್ರಿಶಂಕುವು ದಿಗಂತದ ಧೂಳಿನಲ್ಲಿಯೇ ಮರೆಯಾಗುವುದು, ಲಂಡನ್ನಿನವರಿಗೆ ಎಂದಿಗೂ ಮೂಡದು. ಆಸ್ಟ್ರೇಲಿಯದವರಿಗೆ ಧ್ರುವನು ಕಾಣನು. ಇಬ್ಬರನ್ನೂ ಒಂದೇ ಅಂಗಳದಿಂದ ಕಾಣುವ ಯೋಗ ನಮ್ಮದು. ಇದಕ್ಕೆ ತೆರಿಗೆಯಿಲ್ಲ, ಟಿಕೀಟಿಲ್ಲ.

ಹಗಲಿನ ಆಕಾಶವೂ ನಮ್ಮೊಡನೆ ಆಟವಾಡುವುದುಂಟು. ವರ್ಷಕ್ಕೆ ಎರಡು ದಿನ, ಮೇ 2ರ ಸುಮಾರಿಗೆ ಒಮ್ಮೆ, ಆಗಸ್ಟ್ 11ರ ಸುಮಾರಿಗೆ ಇನ್ನೊಮ್ಮೆ, ನಮ್ಮ ಸೀಮೆಯಲ್ಲಿ ಸೂರ್ಯನು ಸರಿಯಾಗಿ ನೆತ್ತಿಗೆ ಬರುವನು. ಆಗಸ್ಟಿನಲ್ಲಿ ಮೋಡದ ಕಾಟವಿರುವುದರಿಂದ ಮೇ ತಿಂಗಳೇ ಲೇಸು. ಅಡಿಗೆಮನೆಯಿಂದ ನೆಟ್ಟನೆಯ ಗೋಡೆಯ ಒಂದು ಡಬ್ಬಿಯನ್ನು ತಂದು ಸಮನೆಲದ ಮೇಲೆ ನಿಲ್ಲಿಸಿ ಮಕ್ಕಳನ್ನು ಸುತ್ತಲೂ ಕೂರಿಸಿರಿ. ನೆರಳು ಗಿಡ್ಡವಾಗುತ್ತ ಗಿಡ್ಡವಾಗುತ್ತ ಡಬ್ಬಿಯ ಬುಡದೊಳಗೆ ಅಡಗಿಬಿಡುವುದು. ಆಗ ಗಡಿಯಾರ ನೋಡಿದರೆ ಹನ್ನೆರಡಲ್ಲ, ಹನ್ನೆರಡು ದಾಟಿ ಇಪ್ಪತ್ತಾರು-ಇಪ್ಪತ್ತೇಳು ನಿಮಿಷ! ನಮ್ಮ ದೇಶದ ಗಡಿಯಾರಗಳೆಲ್ಲ ಪೂರ್ವದ ಎಂಬತ್ತೆರಡೂವರೆ ಅಂಶದ ರೇಖೆಯನ್ನು ಅನುಸರಿಸುವುವು. ನಾವು ಅದಕ್ಕಿಂತ ಏಳು ಅಂಶಕ್ಕೂ ಮಿಗಿಲಾಗಿ ಪಶ್ಚಿಮದಲ್ಲಿದ್ದೇವೆ. ಅಂಶಕ್ಕೆ ನಾಲ್ಕು ನಿಮಿಷದಂತೆ ಸೂರ್ಯನು ನಮ್ಮಲ್ಲಿಗೆ ತಡವಾಗಿ ಬರುವನು. ಇಂತಹ ಪಾಠವನ್ನು ಒಂದು ಡಬ್ಬಿಯು ಕಲಿಸಿದರೆ ಮಗು ಎಂದಾದರೂ ಮರೆತೀತೇ?

ಆಕಾಶದ ಈ ಹುಚ್ಚು ನಮಗೆ ಹಿಡಿದು ಬಹಳ ವರ್ಷಗಳಾದುವು. ಅದರ ಲಾಭವೇನೆಂದು ಕೇಳುವವರಿಗೆ ನಾವು ಒಂದು ಆಟವನ್ನು ಹೇಳಿಕೊಡುತ್ತ ಬಂದಿದ್ದೇವೆ. ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಜ್ಯೋತಿರ್ವರ್ಷ. ಲುಬ್ಧಕನೆಂಬ ಚಿಕ್ಕಿಯ ಬೆಳಕು ನಮ್ಮನ್ನು ಮುಟ್ಟಲು ಎಂಟೂವರೆ ವರ್ಷ ಹಿಡಿಯುವುದು. ಶ್ರವಣದ ಬೆಳಕಿಗೆ ಸುಮಾರು 17 ವರ್ಷ, ಅಭಿಜಿತ್ತಿನದಕ್ಕೆ 25, ಸ್ವಾತಿಯದಕ್ಕೆ 37, ರೋಹಿಣಿಯದಕ್ಕೆ 65, ಮಘೆಯದಕ್ಕೆ 79. ಈಗ ನಿಮ್ಮ ಮನೆಯವರ ವಯಸ್ಸನ್ನು ಎಣಿಸಿರಿ. ಎಂಟು ದಾಟಿದ ಮೊಮ್ಮಗಳಿಗೆ ಲುಬ್ಧಕ, ಕಾಲೇಜಿಗೆ ಹೋಗುವ ಮಗನಿಗೆ ಶ್ರವಣ, ಹೊಸದಾಗಿ ಮನೆ ತುಂಬಿದ ಸೊಸೆಗೆ ಅಭಿಜಿತ್, ಅರವತ್ತೈದರ ಅಜ್ಜಿಗೆ ರೋಹಿಣಿ. ಅಜ್ಜಿ ಹುಟ್ಟಿದ ವರ್ಷ ಅಲ್ಲಿಂದ ಹೊರಟ ಬೆಳಕು ಇಂದು ರಾತ್ರಿ ಅವಳ ಕಣ್ಣನ್ನು ಬಂದು ಸೇರುತ್ತಿದೆ. ಇನ್ನು ಧ್ರುವನ ಬೆಳಕು ನಾಲ್ಕುನೂರು ವರ್ಷಕ್ಕೂ ಹಿಂದಿನದು. ಅದು ಹೊರಟಾಗ ತಾಳಿಕೋಟೆಯ ಯುದ್ಧ ಮುಗಿದು ಕೆಲವೇ ದಶಕಗಳಾಗಿದ್ದುವು. ಜನ್ಮನಕ್ಷತ್ರವೆಂಬ ಮಾತಿಗೆ ಹೀಗೂ ಒಂದು ಅರ್ಥವುಂಟೆಂದು ಹೇಳಿದಾಗ ಮನೆಯ ಹೆಂಗಸರು ಮಕ್ಕಳು ತಮ್ಮ ತಮ್ಮ ಚಿಕ್ಕಿಯನ್ನು ಹುಡುಕಲು ಮಾಳಿಗೆ ಹತ್ತದೆ ಇರರು.

ಆದರೆ ಈ ಸಂತೋಷಕ್ಕೆ ಒಂದು ವಿಚಿತ್ರ ಗುಣವಿದೆ. ಒಬ್ಬರೇ ನೋಡಿದಾಗ ಅದು ಅರೆಯಾಗಿಯೇ ಉಳಿಯುವುದು. ಪಕ್ಕದಲ್ಲಿ ಇನ್ನೊಬ್ಬರನ್ನು ನಿಲ್ಲಿಸಿಕೊಂಡು “ಅಗೋ ಅಲ್ಲಿ!” ಎಂದಾಗಲೇ ತುಂಬುವುದು. ಹಿಂದೊಮ್ಮೆ ನೆರೆಹೊರೆಯವರಿಗೆ ದುರ್ಬೀನಿನಲ್ಲಿ ಶನಿಗ್ರಹವನ್ನು ತೋರಿಸಲು ಅಣಿಯಾದೆವು. ಶನಿಯೆಂಬ ಹೆಸರು ಕೇಳಿದ್ದೇ ತಡ, ಬಂದಿದ್ದ ವಯಸ್ಸಾದ ತಾಯಿಯೊಬ್ಬರು ಹಿಂದಕ್ಕೆ ಸರಿದರು. ಮನೆಯಲ್ಲಿ ಮಗನಿಗೆ ಸಾಡೇಸಾತಿ ನಡೆದಿದೆ, ತಾವು ಹೋಗಿ ಅವನ ದೃಷ್ಟಿಗೆ ಬೀಳುವುದು ಬೇಡ ಎಂಬುದು ಅವರ ಅಂಜಿಕೆ. ನಾವು ಒತ್ತಾಯ ಮಾಡಲಿಲ್ಲ. ಮಕ್ಕಳೆಲ್ಲ ಒಬ್ಬೊಬ್ಬರಾಗಿ ನೋಡಿ ಕೇಕೆ ಹಾಕಿದ ಮೇಲೆ ಅವರೂ ಮೆಲ್ಲಗೆ ಬಂದು, ಸೆರಗನ್ನು ಬಾಯಿಗೆ ಹಿಡಿದುಕೊಂಡು, ಗಾಜಿಗೆ ಕಣ್ಣಿಟ್ಟರು. ತುಸು ಹೊತ್ತು ಮಾತೇ ಇಲ್ಲ. ಬಳಿಕ, “ಅಯ್ಯ ನಮ್ಮಪ್ಪಾ, ಇದಕ್ಕ ಯಾರೋ ಬಳಿ ತೊಡಿಸಿ ಬಿಟ್ಟಂಗ ಐತಲ್ರೀ!” ಎಂದರು. ಎಷ್ಟೋ ವರ್ಷ ಅಂಜಿಸಿದ ಶನಿಯು ಅಂದು ಬಳೆ ತೊಟ್ಟ ಕೂಸಾಗಿ ಕಂಡನು. ಅವರ ಶ್ರದ್ಧೆಯನ್ನು ನಾವು ಮುಟ್ಟಲಿಲ್ಲ, ಅವರ ಅಂಜಿಕೆ ಮಾತ್ರ ತನ್ನಷ್ಟಕ್ಕೆ ಸಡಿಲಿತು.

ಆಕಾಶದ ಪರಿಚಯವಿದ್ದವರು ಅದನ್ನು ಹಂಚಿಕೊಳ್ಳಲೇಬೇಕೆಂದು ನಾವು ಇಷ್ಟು ಹಟ ಹಿಡಿಯುವುದು ಇಂತಹ ಸಂತೋಷಕ್ಕಾಗಿ ಮಾತ್ರವಲ್ಲ. ಹಂಚದೆ ಉಳಿದ ತಿಳಿವಳಿಕೆಗೆ ಜನರು ತೆರುವ ಬೆಲೆ ದೊಡ್ಡದು. ಅದನ್ನು ತಿಳಿಯಬೇಕಾದರೆ ನಮ್ಮ ನಾಡಿನ ಮೇಲೆ ಹಾದುಹೋದ ಮೂರು ಗ್ರಹಣಗಳ ಕಥೆಯನ್ನು ಕೇಳಬೇಕು.

ಮೊದಲನೆಯದು 1868ರ ಆಗಸ್ಟ್ 18ರದು. ಅಂದು ಖಗ್ರಾಸ ಸೂರ್ಯಗ್ರಹಣದ ನೆರಳು ವಿಜಾಪುರ ಸೀಮೆಯ ಮೇಲೆ ಹಾದು ಪೂರ್ವಕ್ಕೆ ಸಾಗಿತು. ಅದನ್ನು ಕಾಣುವುದಕ್ಕೆಂದೇ ಲಂಡನ್ನಿನ ರಾಯಲ್ ಸೊಸಾಯಿಟಿಯ ಉಪಕರಣಗಳೊಡನೆ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬ ಅಧಿಕಾರಿಯು ನಮ್ಮ ಜಮಖಂಡಿಯಲ್ಲಿ ಬೀಡು ಬಿಟ್ಟಿದ್ದನು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗನೀತ. ಮಳೆಗಾಲದ ಮೋಡಗಳು ಕಾಡಿದರೂ ಅವುಗಳ ಸಂದಿಯಿಂದ ಸೂರ್ಯನ ಅಂಚಿನ ಜ್ವಾಲೆಗಳನ್ನು ವರ್ಣದರ್ಶಕದಲ್ಲಿ ನೋಡಿ, ಬಿಡಿಬಿಡಿಯಾದ ಹೊಳೆವ ಗೆರೆಗಳನ್ನು ಕಂಡನು. ಆ ಜ್ವಾಲೆಗಳು ಉರಿವ ಅನಿಲವೆಂದು ಅದರಿಂದ ತಿಳಿಯಬಂದಿತು. ಅದೇ ದಿನ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸನ್ ಮೊದಲಾದವರೂ ಇಂತಹ ಗೆರೆಗಳನ್ನು ಕಂಡರು. ಅವುಗಳೊಳಗಿನ ಹಳದಿ ಗೆರೆಯೊಂದು ಭೂಮಿಯಲ್ಲಿ ಆವರೆಗೆ ತಿಳಿಯದಿದ್ದ ಹೀಲಿಯಂ ಎಂಬ ಧಾತುವಿನದೆಂದು ಮುಂದೆ ನಿರ್ಣಯವಾಯಿತು. ಭೂಮಿಯ ಮೇಲೆ ಆ ಧಾತು ಕೈಗೆ ಸಿಕ್ಕಿದ್ದು 1895ರಲ್ಲಿ. ಜಗತ್ತಿನ ವಿಜ್ಞಾನದ ಚರಿತ್ರೆಯಲ್ಲಿ ಜಮಖಂಡಿಯ ಹೆಸರು ಹೀಗೆ ಸೇರಿದೆ. ನಮ್ಮ ಎಷ್ಟು ಮನೆಗಳ ಮಕ್ಕಳು ಇದನ್ನು ಬಲ್ಲರು?

ಎರಡನೆಯದು 1980ರ ಫೆಬ್ರುವರಿ 16ರ ಶನಿವಾರದ್ದು. ಅಂಕೋಲೆಯ ಕಡಲದಂಡೆಯಿಂದ ನೆಲವೇರಿದ ಚಂದ್ರನ ನೆರಳು ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದುಹೋಯಿತು. ಒಂದೇ ಸ್ಥಳದ ಮೇಲೆ ಖಗ್ರಾಸ ಸೂರ್ಯಗ್ರಹಣವು ಸರಾಸರಿಯಲ್ಲಿ 375 ವರ್ಷಗಳಿಗೊಮ್ಮೆ ಆಗುವುದೆಂದು ಗಣಿತಜ್ಞರ ಲೆಕ್ಕ. ಅಂತಹದೊಂದು ದರ್ಶನವು, ಮೂರು ಮೈಲಿ ನಡೆಯುವ ಶ್ರಮವೂ ಇಲ್ಲದೆ, ತಾರಿಹಾಳದ ಹೊಲಗಳ ಮೇಲೆ, ಹುಬ್ಬಳ್ಳಿಯ ಓಣಿಗಳ ಮೇಲೆ ತಾನಾಗಿ ಇಳಿದುಬಂದಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಹುಬ್ಬಳ್ಳಿಯ ಹತ್ತಿರ ಹಾಗೂ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಶಿಬಿರ ಹೂಡಿದ್ದರು. ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಹಗಲು ಕತ್ತಲಾಯಿತು. ಕರಿಯ ಬಿಂಬದ ಸುತ್ತ ಬೆಳ್ಳಿಯ ಪ್ರಭಾವಳಿ ಹರಡಿತು, ಶುಕ್ರನು ಹಗಲಿನಲ್ಲಿಯೇ ಬೆಳಗಿದನು. ಎರಡೂವರೆ ನಿಮಿಷದ ಆಸುಪಾಸಿನ ಆ ದೃಶ್ಯವನ್ನು ನೋಡಲು ಹೊರನಾಡುಗಳಿಂದ ಜನ ಭಾರತಕ್ಕೆ ಬಂದಿದ್ದರು. ನಮ್ಮವರಾದರೋ ಬಹುಮಟ್ಟಿಗೆ ಬಾಗಿಲು ಹಾಕಿಕೊಂಡು, ಕಿಟಕಿಯ ಸಂದಿಗೆ ಬಟ್ಟೆ ತುರುಕಿ ಕುಳಿತರು. ಬೀದಿಗಳು ಬರಿದಾಗಿದ್ದುವು. ಕಣ್ಣು ಹೋದೀತೆಂಬ ಭಯ ಕೆಲವರಿಗೆ, ದೋಷ ತಟ್ಟೀತೆಂಬ ಭಯ ಹಲವರಿಗೆ. ಬರಿಗಣ್ಣಿನಿಂದ ಸೂರ್ಯನನ್ನು ನೋಡಬಾರದೆಂಬುದು ನಿಜ. ಆದರೆ ನೋಡುವ ಸುರಕ್ಷಿತ ಬಗೆಯನ್ನು ಮನೆಮನೆಗೆ ಮುಟ್ಟಿಸಿದ್ದರೆ ಅಂದು ಎಷ್ಟೊಂದು ಬಾಗಿಲು ತೆರೆಯುತ್ತಿದ್ದುವು!

ಮೂರನೆಯದು 2019ರ ಡಿಸೆಂಬರ್ 26ರ ಕಂಕಣ ಗ್ರಹಣ. ಕಾಸರಗೋಡು ಜಿಲ್ಲೆಯ ಚೆರುವತ್ತೂರು, ಮಂಗಳೂರು, ಕೊಡಗು, ಈ ಕಡೆಗಳಲ್ಲಿ ಬಂಗಾರದ ಬಳೆಯಂತಹ ಸೂರ್ಯನನ್ನು ಜನರು ಕೂಡಿ ನೋಡಿದರು. ಗ್ರಹಣದ ಕನ್ನಡಕ ಹಾಕಿಕೊಂಡ ಶಾಲೆಯ ಮಕ್ಕಳ ಚಿತ್ರಗಳು ಪತ್ರಿಕೆಗಳಲ್ಲಿ ಬಂದುವು. ಅದೇ ಪತ್ರಿಕೆಗಳ ಇನ್ನೊಂದು ಮಗ್ಗುಲಲ್ಲಿ ಬಂದ ಸುದ್ದಿ ಓದಿ ನಮ್ಮ ಕರುಳು ಹಿಂಡಿತು. ಕಲಬುರಗಿಯ ಸಮೀಪದ ಹಳ್ಳಿಯೊಂದರಲ್ಲಿ, ಗ್ರಹಣದ ಹೊತ್ತಿಗೆ ಹೀಗೆ ಮಾಡಿದರೆ ಅಂಗದೋಷ ವಾಸಿಯಾಗುವುದೆಂದು ನಂಬಿ, ಅಂಗವಿಕಲ ಮಕ್ಕಳನ್ನು ಕುತ್ತಿಗೆಯ ತನಕ ಮಣ್ಣಿನಲ್ಲಿ ಹೂಳಿ ನಿಲ್ಲಿಸಿದ್ದರು. ಆ ತಾಯ್ತಂದೆಗಳನ್ನು ನಾವು ಹಳಿಯಲಾರೆವು. ಮಗುವಿನ ಮೇಲಿನ ಮಮತೆಯೇ ಅವರಿಂದ ಆ ಗುಂಡಿಯನ್ನು ತೋಡಿಸಿತು. ಚಂದ್ರನ ನೆರಳಿಗೆ ಕಾಲು ಕೊಡುವ ಶಕ್ತಿಯೂ ಇಲ್ಲ, ಕಿತ್ತುಕೊಳ್ಳುವ ಶಕ್ತಿಯೂ ಇಲ್ಲ ಎಂದು ಅವರ ಅಂಗಳದಲ್ಲಿ ಕುಳಿತು, ಅವರ ಮಾತಿನಲ್ಲಿ, ಅವರಿಗೆ ನಂಬುಗೆಯಾಗುವಂತೆ ಹೇಳಿದವರು ಯಾರು? ಬಲ್ಲವರೆಲ್ಲ ತಮ್ಮ ತಮ್ಮ ಮಾಳಿಗೆಯ ಮೇಲಿದ್ದೆವು.

ಗ್ರಹಣವೆಂದರೆ ಅಂಜಿಕೆಯೊಂದೇ ನಮ್ಮ ಪರಂಪರೆ ಎಂದು ಯಾರೂ ತಿಳಿಯಬಾರದು. ಕನ್ನಡ ನಾಡಿನ ಕಲ್ಬರಹಗಳನ್ನು ಓದಿದರೆ, ಸೂರ್ಯಗ್ರಹಣದ ನಿಮಿತ್ತ ಭೂಮಿ ಕೊಟ್ಟುದು, ಕೆರೆಗೆ ಬಿಟ್ಟುದು, ವಿದ್ಯಾದಾನಕ್ಕೆ ಬಿಟ್ಟುದು ಹೀಗೆ ಅನೇಕ ದಾನಗಳು ಕಾಣಸಿಗುವುವು. ಬೆಂಗಳೂರಿನ ತಾರಾಲಯದ ನಿರ್ದೇಶಕಿಯಾಗಿದ್ದ ಬಿ. ಎಸ್. ಶೈಲಜಾ ಅವರು ಸಂಗಡಿಗರೊಡನೆ ಇಂತಹ ಶಾಸನಗಳೊಳಗಿನ ಗ್ರಹಣಗಳನ್ನು ಲೆಕ್ಕ ಹಾಕಿ ತಾಳೆ ನೋಡುವ ಕೆಲಸವನ್ನು ಮಾಡಿದ್ದಾರೆ. ನಮ್ಮ ಹಿರಿಯರು ಗ್ರಹಣವನ್ನು ಕೊಡುವ ಹೊತ್ತೆಂದು ಎಣಿಸಿದರು. ಕೊಟ್ಟುದನ್ನು ಕಲ್ಲಿನಲ್ಲಿ ಬರೆಸಿದರು. ಇಂದು ಕೊಡಲು ಭೂಮಿಯಿಲ್ಲದ ನಮ್ಮಂತಹವರೂ ತಿಳಿವನ್ನು ಕೊಡಬಹುದಲ್ಲವೇ?

ಹಾಗೆ ಕೊಟ್ಟವರು ಕನ್ನಡದಲ್ಲಿ ಇಲ್ಲದೆ ಇಲ್ಲ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿ, ಇಂತಹ ವಿಷಯಗಳನ್ನು ಕನ್ನಡದಲ್ಲಿ ಬರೆಯಬಹುದೆಂದು ತೋರಿಸಿಕೊಟ್ಟರು. 1926ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ 2008ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಜಿ. ಟಿ. ನಾರಾಯಣರಾಯರಂತೂ ತಮ್ಮ ಬಾಳನ್ನೇ ಇದಕ್ಕೆ ಸವೆಸಿದರೆನ್ನಬೇಕು. ವೃತ್ತಿಯಿಂದ ಗಣಿತದ ಅಧ್ಯಾಪಕರು, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶಕ್ಕೆ ವಿಜ್ಞಾನ ಸಂಪಾದಕರು, ಸಂಗೀತದ ರಸಿಕರು. ಇವೆಲ್ಲದರ ನಡುವೆ ನಕ್ಷತ್ರಗಳನ್ನು ಗುರುತಿಸುವ ಬಗೆಯನ್ನು ಪುಸ್ತಕಗಳಲ್ಲಿ ಬರೆದರು, ಯುವಕರನ್ನು ಬಯಲಿಗೆ ಕರೆದೊಯ್ದು ಬೆರಳು ಮಾಡಿ ತೋರಿಸಿದರು. ನೆರೆಯ ಪುಣೆಯಲ್ಲಿ ಜ್ಯೋತಿರ್ವಿದ್ಯಾ ಪರಿಸಂಸ್ಥೆಯು 1944ರಿಂದ ನಡೆದುಬಂದಿದೆ. ಬೆಂಗಳೂರಿನಲ್ಲಿ 1970ರ ದಶಕದಲ್ಲಿಯೇ ಹವ್ಯಾಸಿ ಖಗೋಳವೀಕ್ಷಕರ ಸಂಘ ಹುಟ್ಟಿತು. 1989ರಲ್ಲಿ ಜವಾಹರಲಾಲ್ ನೆಹರು ತಾರಾಲಯ ತೆರೆಯಿತು. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ.

ಇದು ಓದಿದವರ ಕೆಲಸ, ನಮ್ಮಿಂದಾಗದು ಎನ್ನುವವರಿಗೆ ಬಂಗಾಲದ ರಾಧಾಗೋವಿಂದ ಚಂದ್ರರ ಮಾತನ್ನು ಹೇಳುವುದು ಒಳ್ಳೆಯದು. 1878ರಲ್ಲಿ ಹುಟ್ಟಿದ ಈತ ಮ್ಯಾಟ್ರಿಕ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಜೆಸ್ಸೋರಿನ ಸರಕಾರಿ ಖಜಾನೆಯಲ್ಲಿ ನಾಣ್ಯ ಎಣಿಸುವ ನೌಕರಿ. ಹಗಲು ನಾಣ್ಯ ಎಣಿಸಿ ರಾತ್ರಿ ಚಿಕ್ಕಿಗಳ ಬೆಳಕನ್ನು ಎಣಿಸುತ್ತ, ಹೊಳಪು ಏರಿಳಿಯುವ ತಾರೆಗಳನ್ನು ಕುರಿತು 37,000ಕ್ಕೂ ಹೆಚ್ಚು ವೀಕ್ಷಣೆಗಳನ್ನು ಬರೆದು ಅಮೇರಿಕದ ವೀಕ್ಷಕರ ಸಂಘಕ್ಕೆ ಕಳಿಸಿದರು. ಮೆಚ್ಚಿದ ಆ ಸಂಘವು 1926ರಲ್ಲಿ ಸುಮಾರು ಆರು ಇಂಚಿನ ದುರ್ಬೀನನ್ನು ಅವರಿಗೆ ಕಳಿಸಿಕೊಟ್ಟಿತು. ಅವರು ಬಳಸಿ ಮುಗಿಸಿದ ಮೇಲೆ ಅದು ವೇಣು ಬಾಪು ಅವರ ಕೈಗೆ ಬಂದು, ಕಡೆಗೆ ಕಾವಲೂರಿನ ವೀಕ್ಷಣಾಲಯವನ್ನು ಸೇರಿತು. ಒಂದು ದುರ್ಬೀನು ಇಷ್ಟು ಕೈ ದಾಟಿತು; ಯಾರೂ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿಲ್ಲ.

ಇನ್ನೊಬ್ಬರು ಜಾನ್ ಡಾಬ್ಸನ್. ಸ್ಯಾನ್‌ಫ್ರಾನ್ಸಿಸ್ಕೋದ ವೇದಾಂತ ಮಠದಲ್ಲಿ 1944ರಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ಸಾಧುವಾಗಿದ್ದವರು. ಗುಜರಿಯ ಗಾಜು, ರಟ್ಟಿನ ಕೊಳವೆ, ಹಲಗೆಯ ತುಂಡು, ಇವುಗಳಿಂದ ದುರ್ಬೀನು ಮಾಡಿ ಬೀದಿಯ ಅಂಚಿನಲ್ಲಿ ನಿಲ್ಲಿಸಿ, ಹೋಗುವವರನ್ನು ಬರುವವರನ್ನು ಕರೆದು ಚಂದ್ರನನ್ನು ತೋರಿಸುತ್ತಿದ್ದರು. ಈ ಗೀಳಿನಿಂದಲೇ ಮಠ ಬಿಡಬೇಕಾಯಿತು. 1968ರಲ್ಲಿ ಬೀದಿಬದಿಯ ವೀಕ್ಷಕರ ಸಂಘವನ್ನೇ ಕಟ್ಟಿ, 2014ರಲ್ಲಿ ತೀರಿಕೊಳ್ಳುವವರೆಗೂ ಅದೇ ಕೆಲಸ ಮಾಡಿದರು. ಅವರ ಮಾದರಿಯ ಅಗ್ಗದ ದುರ್ಬೀನು ಇಂದು ಜಗತ್ತಿನಾದ್ಯಂತ ಅವರ ಹೆಸರಿನಿಂದಲೇ ನಡೆಯುತ್ತಿದೆ.

ಹಾಗಾದರೆ ನಮ್ಮ ಮನೆಗಳಲ್ಲಿ ಮೊದಲು ಮಾಡತಕ್ಕದ್ದೇನು? ದುರ್ಬೀನು ಕೊಳ್ಳುವುದಲ್ಲ. ಮೊದಲ ವರ್ಷ ಬರಿಗಣ್ಣೇ ಸಾಕು. ತಿಂಗಳಿಗೆ ಒಂದು ರಾತ್ರಿ, ಅಮಾವಾಸ್ಯೆಯ ಅಕ್ಕಪಕ್ಕದಲ್ಲಿ, ದೀಪ ಆರಿಸಿ ಕಾಲು ಗಂಟೆ ಕತ್ತಲಲ್ಲಿ ಕುಳಿತರೆ ಕಣ್ಣು ಪಳಗುವುದು. ಫೆಬ್ರುವರಿಯ ಮೊದಲ ಪಕ್ಷದಲ್ಲಿ ದಕ್ಷಿಣಕ್ಕೆ ಎರಡು ಮುಷ್ಟಿಯ ಮೇಲೆ ಹೊಳೆವ ಅಗಸ್ತ್ಯನನ್ನು, ಮೇ ತಿಂಗಳಲ್ಲಿ ತ್ರಿಶಂಕುವನ್ನು, ಮಳೆ ಬಿಡುವು ಕೊಟ್ಟ ರಾತ್ರಿ ವೃಶ್ಚಿಕದ ಕೊಂಡಿಯನ್ನು ಗುರುತಿಸಿರಿ. ಎರಡನೆಯ ವರ್ಷ ಒಂದು ಸಾಧಾರಣ ಜೋಡಿ ದುರ್ಬೀನು ಸಿಕ್ಕರೆ ಗುರುಗ್ರಹದ ನಾಲ್ಕು ಚಂದ್ರರು ಕಾಣುವರು. 1610ರಲ್ಲಿ ಗೆಲಿಲಿಯೋ ಕಂಡು ಬೆರಗಾದುದು ಅವರನ್ನೇ. ಸೂರ್ಯನ ಕಡೆಗೆ ಮಾತ್ರ ಯಾವ ಗಾಜನ್ನೂ ತಿರುಗಿಸಬಾರದು. ಅದಕ್ಕೆಂದೇ ಮಾಡಿದ ಶೋಧಕವಿಲ್ಲದೆ ಒಂದು ಕ್ಷಣ ನೋಡಿದರೂ ಕಣ್ಣು ಕೆಡುವುದು.

ಕತ್ತಲೆಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡಬೇಕು. ಒಳ್ಳೆಯ ಕತ್ತಲಿರುವ ಕಡೆ ಒಮ್ಮೆಗೆ ಎರಡು-ಮೂರು ಸಾವಿರ ಚಿಕ್ಕಿಗಳು ಬರಿಗಣ್ಣಿಗೆ ಕಾಣುವುವು. ಊರೊಳಗಿನ ದೀಪದ ಬೆಳಕಿನಲ್ಲಿ ಕೆಲವು ಹತ್ತುಗಳೂ ಉಳಿಯವು. ತಾರಿಹಾಳದಂತಹ ಊರಿಗೆ ಕಾರ್ಖಾನೆಯೂ ಬೇಕು, ರಾತ್ರಿಪಾಳಿಯಿಂದ ಮರಳುವವರಿಗೆ ದಾರಿದೀಪವೂ ಬೇಕು. ದೀಪ ಬೇಡವೆಂದು ನಾವು ಹೇಳುವುದಿಲ್ಲ. ನೆಲಕ್ಕೆ ಬೀಳಬೇಕಾದ ಬೆಳಕು ಮುಗಿಲಿಗೇಕೆ ಹೋಗಬೇಕು ಎಂಬುದಷ್ಟೇ ನಮ್ಮ ಪ್ರಶ್ನೆ. ದೀಪದ ಮೇಲೊಂದು ಮುಚ್ಚಳ ಹಾಕಿ ಕೆಳಮುಖ ಮಾಡಿದರೆ ದಾರಿಯೂ ಬೆಳಗುವುದು, ಆಕಾಶಗಂಗೆಯೂ ಉಳಿಯುವುದು. ಮನೆಯ ಮುಂದಿನ ದೀಪದಿಂದಲೇ ಇದನ್ನು ಆರಂಭಿಸಬಹುದು.

ಬರುವ 2031ರ ಮೇ 21ರಂದು ಇನ್ನೊಂದು ಕಂಕಣ ಗ್ರಹಣ ಕೇರಳ-ತಮಿಳುನಾಡುಗಳ ಮೇಲೆ ಹಾದುಹೋಗಲಿದೆ. ನಮ್ಮ ಸೀಮೆಯಲ್ಲಿಯೂ ನಡುಹಗಲಿನ ಹೊತ್ತಿಗೆ ಸೂರ್ಯನ ದೊಡ್ಡ ಭಾಗ ಮರೆಯಾಗುವುದು. ಆಗ ಬಾಗಿಲು ಹಾಕಿಕೊಳ್ಳಬೇಡಿರಿ. ಅಡಿಗೆಮನೆಯಿಂದ ಬೂಂದಿ ಕರಿಯುವ ತೂತಿನ ಸವಟನ್ನೋ ಒಂದು ಸಾಣಿಗೆಯನ್ನೋ ತಂದು, ಸೂರ್ಯನಿಗೆ ಬೆನ್ನು ಮಾಡಿ, ಅದರ ನೆರಳನ್ನು ನೆಲದ ಮೇಲೆ ಬೀಳಿಸಿರಿ. ಒಂದೊಂದು ತೂತಿನ ಕೆಳಗೂ ಒಂದೊಂದು ಕುಡುಗೋಲಿನಂತಹ ಪುಟ್ಟ ಸೂರ್ಯ ಮೂಡುವನು. ಬೇವಿನ ಮರದಡಿಯಲ್ಲಿಯೂ ಎಲೆಗಳ ಸಂದಿಯಿಂದ ಅಂತಹವೇ ಸಾವಿರ ಸೂರ್ಯರು ಬೀಳುವರು. ಕಣ್ಣಿಗೆ ಅಪಾಯವಿಲ್ಲ, ಕಾಸಿನ ಖರ್ಚಿಲ್ಲ. ಬಸುರಿ ಹೆಣ್ಣುಮಗಳೂ, ಹಾಸಿಗೆ ಹಿಡಿದ ಅಜ್ಜನೂ, ನಡೆಯಲಾರದ ಮಗುವೂ ತಮ್ಮ ಅಂಗಳದಲ್ಲಿ ಕುಳಿತೇ ನೋಡಬಹುದು. ಓಣಿಯಲ್ಲಿ ಇನ್ನೂ ಮುಚ್ಚಿರುವ ಬಾಗಿಲು ಯಾವುದೆಂದು ಆ ದಿನ ಹುಡುಕಿ, ಸವಟು ಹಿಡಿದುಕೊಂಡು ಹೋಗಿ ಅದನ್ನು ತಟ್ಟಿರಿ.

ಅದಕ್ಕೆ ಇನ್ನೂ ಕಾಲಾವಕಾಶವಿದೆ. ಅಷ್ಟರೊಳಗೆ ಸಂಕ್ರಾಂತಿಗಳು ಬರುವುವು. ಈ ಸಲ ಎಳ್ಳು-ಬೆಲ್ಲ ಕೊಡಲು ಬಂದವರನ್ನು ಸ್ವಲ್ಪ ಹೊತ್ತು ನಿಲ್ಲಿಸಿಕೊಂಡು ಮಾಳಿಗೆಗೆ ಕರೆದೊಯ್ಯಿರಿ. ರೋಹಿಣಿಯು ನೆತ್ತಿಗೆ ಬಂದಿರುವಳು.